ಅಯ್ಯಾವೊಳೆಯ ಐನೂರ್ವರು: ವ್ಯಾಪಾರಿಗಳು ತಮಗಾಗಿ ಕಟ್ಟಿಕೊಂಡ ಕೂಟ

ಐಹೊಳೆಗೆ ಶಾಲೆಯಿಂದ ಪ್ರವಾಸ ಹೋಗಿ ಬಂದವರಿಗೆ ದುರ್ಗದ ಗುಡಿ, ಲಾಡಖಾನ್ ಗುಡಿ, ಮೇಗುತಿ ಬೆಟ್ಟ ನೆನಪಿರುತ್ತವೆ. ಕ್ರಿ.ಶ. 634ರಲ್ಲಿ ರವಿಕೀರ್ತಿ ಮೇಗುತಿಯ ಗೋಡೆಯಲ್ಲಿ ಬರೆಸಿದ ಪುಲಕೇಶಿಯ ಪ್ರಶಸ್ತಿ ಪರೀಕ್ಷೆಯಲ್ಲಿ ಕೇಳುವ ವಿಷಯವಾದ್ದರಿಂದ ಅದೂ ನೆನಪಿರುತ್ತದೆ. ಆದರೆ ಮಲಪ್ರಭೆಯ ದಡದ ಈ ಸಣ್ಣ ಊರಿನ ಹೆಸರನ್ನು ತಮಿಳುನಾಡು, ಆಂಧ್ರ, ಸಿಂಹಳಗಳನ್ನು ದಾಟಿಸಿ ಸುಮಾತ್ರಾ ದ್ವೀಪದವರೆಗೆ ಕೊಂಡೊಯ್ದವರು ರಾಜರಲ್ಲ, ಕವಿಗಳೂ ಅಲ್ಲ. ಬಟ್ಟೆ, ಮೆಣಸು, ಅಡಿಕೆ, ಕರ್ಪೂರ, ಕುದುರೆಗಳನ್ನು ಮಾರಿ ಬದುಕಿದ ವ್ಯಾಪಾರಿಗಳು. ಅವರು ತಮ್ಮನ್ನು ‘ಅಯ್ಯಾವೊಳೆ ಐನೂರ್ವರು’ ಎಂದು ಕರೆದುಕೊಂಡರು. ಅಯ್ಯಾವೊಳೆ ಎಂದರೆ ಇಂದಿನ ಐಹೊಳೆಯೇ.

ಪಠ್ಯಪುಸ್ತಕಗಳಲ್ಲಿ ಇವರಿಗೆ ಸಿಗುವುದು ಒಂದೆರಡು ಸಾಲು ಮಾತ್ರ. ‘ವ್ಯಾಪಾರಿ ಶ್ರೇಣಿಗಳು ಇದ್ದವು, ದೇವಾಲಯಗಳಿಗೆ ದಾನ ಕೊಟ್ಟವು’ ಎಂಬಲ್ಲಿಗೆ ಕತೆ ಮುಗಿಯುತ್ತದೆ. ಅವರು ಏಕೆ ಒಂದಾದರು, ಒಂದಾದದ್ದರಿಂದ ಯಾರಿಗೆ ಏನು ದಕ್ಕಿತು, ಕೂಟದೊಳಗಿನ ಸಣ್ಣ ಮನುಷ್ಯನ ಪಾಡೇನು ಎಂಬ ಪ್ರಶ್ನೆಗಳು ಹಾಗೆಯೇ ಉಳಿದುಬಿಡುತ್ತವೆ. ಈ ಲೇಖನದಲ್ಲಿ ಆ ಪ್ರಶ್ನೆಗಳನ್ನೇ ಸ್ವಲ್ಪ ಕೆದಕಿ ನೋಡೋಣ.

ಮೊದಲು ಹನ್ನೊಂದನೆಯ ಶತಮಾನದ ಒಬ್ಬ ಸಾಮಾನ್ಯ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಅವನ ಬಳಿ ನಾಲ್ಕು ಎತ್ತುಗಳ ಮೇಲೆ ಹೇರಿದ ಸರಕು ಇದೆ. ಪುಲಿಗೆರೆಯಿಂದ, ಅಂದರೆ ಇಂದಿನ ಲಕ್ಷ್ಮೇಶ್ವರದಿಂದ, ಬಳ್ಳಿಗಾವೆಯ ಸಂತೆಗೆ ಹೋಗಬೇಕು. ದಾರಿಯಲ್ಲಿ ಕಾಡು, ಕಳ್ಳರು, ತುಂಬಿದ ಹೊಳೆ. ಒಬ್ಬ ಮಾಂಡಲಿಕನ ಗಡಿ ಮುಗಿಯುವಷ್ಟರಲ್ಲಿ ಇನ್ನೊಬ್ಬನ ಸುಂಕದ ಕಟ್ಟೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಶಾಸನಗಳಲ್ಲಿ ಬರುವ ಸುಂಕಗಳ ಪಟ್ಟಿ ಓದಿದರೆ ನಮಗೇ ದಣಿವಾಗುತ್ತದೆ. ತಲುಪಿದ ಊರಿನಲ್ಲಿ ಅಳತೆ ಬೇರೆ, ನಾಣ್ಯದ ತೂಕ ಬೇರೆ. ಸಾಲ ಕೊಟ್ಟರೆ ಮರಳಿ ಬರುತ್ತದೆಂಬ ಭರವಸೆ ಇಲ್ಲ. ಅವನೇ ದಾರಿಯಲ್ಲಿ ಸತ್ತರೆ ಸರಕು ಯಾರ ಪಾಲು? ಇವುಗಳಲ್ಲಿ ಒಂದು ಕಷ್ಟವನ್ನಾದರೂ ಅವನು ಒಬ್ಬನೇ ನಿವಾರಿಸಿಕೊಳ್ಳುವಂತಿರಲಿಲ್ಲ. ಅರಸನ ಅಧಿಕಾರಿಗಳು ಇದ್ದರು, ನಿಜ. ಆದರೆ ಅವರಲ್ಲಿ ಅನೇಕರು ಸುಂಕ ವಸೂಲಿ ಮಾಡುವವರೇ ಆಗಿದ್ದರು!

ಒಂದೇ ಕಸುಬಿನವರು ಒಟ್ಟಾಗುವ ಪದ್ಧತಿ ನಮ್ಮ ದೇಶದಲ್ಲಿ ಅಷ್ಟರಲ್ಲಾಗಲೇ ಬಹಳ ಹಳೆಯದಾಗಿತ್ತು. ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ಉಷವದಾತನೆಂಬ ಶಕ ನಾಯಕ ನಾಸಿಕದ ಗುಹೆಯಲ್ಲಿ ಒಂದು ದತ್ತಿಯ ವಿವರ ಕೊರೆಸಿದ್ದಾನೆ. ಗೋವರ್ಧನ ಎಂಬ ಊರಿನ ನೇಕಾರರ ಒಂದು ಶ್ರೇಣಿಯಲ್ಲಿ 2000 ಕಾರ್ಷಾಪಣಗಳನ್ನು ನೂರಕ್ಕೆ ಒಂದರ ಬಡ್ಡಿಗೆ, ಮತ್ತೊಂದು ಶ್ರೇಣಿಯಲ್ಲಿ 1000 ಕಾರ್ಷಾಪಣಗಳನ್ನು ನೂರಕ್ಕೆ ಮುಕ್ಕಾಲರ ಬಡ್ಡಿಗೆ ಇಟ್ಟು, ಆ ಬಡ್ಡಿಯಿಂದ ಭಿಕ್ಷುಗಳ ಬಟ್ಟೆಬರೆ ನಡೆಯಬೇಕೆಂದು ಗೊತ್ತುಮಾಡಿದ. ಅರಸನ ಅಳಿಯನೊಬ್ಬ ತನ್ನ ಹಣವನ್ನು ನೇಕಾರರ ಕೈಯಲ್ಲಿ ಇಡುತ್ತಾನೆಂದರೆ ಆ ಸಂಘದ ಮಾತಿಗೆ ಎಷ್ಟು ಬೆಲೆಯಿತ್ತು ಎಂಬುದನ್ನು ಊಹಿಸಬಹುದು. ಒಬ್ಬೊಬ್ಬ ನೇಕಾರನನ್ನು ನಂಬಿ ಯಾರೂ ಅಷ್ಟು ಹಣ ಕೊಡುತ್ತಿರಲಿಲ್ಲ. ಒಟ್ಟಾದಾಗ ಅವರಿಗೆ ಬಂಡವಾಳವೂ ಸಿಕ್ಕಿತು, ಹೆಸರೂ ಸಿಕ್ಕಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಒಳ್ಳೆಯ ಆರಂಭಿಕ ಸಾಕ್ಷಿ ಲಕ್ಷ್ಮೇಶ್ವರದ ಒಂದು ಕಂಬದ ಶಾಸನ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು ಕ್ರಿ.ಶ. 725ರಲ್ಲಿ ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಮಾಡಿಕೊಟ್ಟ ಆಚಾರ ವ್ಯವಸ್ಥೆ ಅದರಲ್ಲಿದೆ. ಊರವರ ಹಕ್ಕುಗಳೇನು, ರಾಜಪುರುಷರ ಮಿತಿಯೇನು, ಯಾವ ತಪ್ಪಿಗೆ ಎಷ್ಟು ದಂಡ ಎಂಬುದನ್ನು ಹೇಳುವ ಈ ಕಲ್ಲಿನಲ್ಲಿ ಕಂಚುಗಾರರ ಶ್ರೇಣಿಯ ಹೆಸರೂ ಬರುತ್ತದೆ. ಪಾತ್ರೆ ಬಡಿಯುವವರ ಸಂಘವೊಂದನ್ನು ಅರಸೊತ್ತಿಗೆ ಲೆಕ್ಕಕ್ಕೆ ತೆಗೆದುಕೊಂಡಿತ್ತು ಎಂಬುದು ಇಲ್ಲಿ ಮುಖ್ಯ.

ಇನ್ನು ಐನೂರ್ವರ ವಿಷಯ. ಐಹೊಳೆಯ ಹಳೆಯ ಶಾಸನಗಳಲ್ಲಿ ಐನೂರು ಮಂದಿ ಮಹಾಜನರ, ಅಂದರೆ ಬ್ರಾಹ್ಮಣ ಸಭೆಯ, ಉಲ್ಲೇಖವಿದೆ. ಆ ಸಂಖ್ಯೆಯೇ ಮುಂದೆ ವ್ಯಾಪಾರಿಗಳ ಕೂಟಕ್ಕೂ ಅಂಟಿತೆ, ಎರಡಕ್ಕೂ ಏನು ಸಂಬಂಧ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಹೇಗೇ ಇರಲಿ, ವ್ಯಾಪಾರಿಗಳ ಪ್ರಶಸ್ತಿಗಳಲ್ಲಿ ಅವರು ತಮ್ಮನ್ನು ಭಗವತಿಯ ಮಕ್ಕಳೆಂದು ಹೇಳಿಕೊಳ್ಳುತ್ತಾರೆ. ಐಹೊಳೆಯ ಗೌಡರಗುಡಿ ಭಗವತಿಗೆ ಮೀಸಲಾದ ಗುಡಿಯೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಊರು ಬಿಟ್ಟು ಎಲ್ಲಿಗೆ ಹೋದರೂ ಊರ ದೇವಿಯ ಹೆಸರನ್ನು ಬಿಡದ ಜನ! ‘ಐನೂರು’ ಎಂಬುದನ್ನು ತಲೆ ಎಣಿಕೆ ಎಂದು ತಿಳಿಯಬಾರದು. ಎಣ್ಣೆ ತೆಗೆಯುವ ತೆಲ್ಲಿಗರ ಸಂಘಕ್ಕೆ ‘ಐವತ್ತೊಕ್ಕಲು’ ಎಂಬ ಹೆಸರಿತ್ತು. ಒಕ್ಕಲು ನಲವತ್ತಕ್ಕೆ ಇಳಿದರೂ ಅರವತ್ತಕ್ಕೆ ಏರಿದರೂ ಹೆಸರು ಐವತ್ತೊಕ್ಕಲೇ. ಐನೂರೂ ಹಾಗೆಯೇ.

ಶಿಕಾರಿಪುರ ತಾಲ್ಲೂಕಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ಶಾಸನ ಈ ವ್ಯಾಪಾರಿಗಳನ್ನು ಉದ್ದಕ್ಕೂ ಬಣ್ಣಿಸುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದರ ಪಾಠ ದೊರೆಯುತ್ತದೆ. ಕಾಲೇಜಿನ ಗ್ರಂಥಾಲಯದಲ್ಲಿ ಈ ಸಂಪುಟ ಇದ್ದರೆ ಒಮ್ಮೆ ತೆರೆದು ನೋಡಿ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ, ಪಾರಸ ಎಂದು ಅವರು ತಿರುಗಿದ ನಾಡುಗಳ ಹೆಸರು ಅಲ್ಲಿವೆ. ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಚಂದನ, ಕಸ್ತೂರಿ, ಕುಂಕುಮಕೇಸರಿ ಎಂದು ಸರಕುಗಳ ಹೆಸರಿವೆ. ಪ್ರಶಸ್ತಿಯೆಂದ ಮೇಲೆ ಉತ್ಪ್ರೇಕ್ಷೆ ಇದ್ದದ್ದೇ. ಆದರೆ ನನ್ನ ಗಮನ ಸೆಳೆದದ್ದು ರತ್ನಗಳ ಪಟ್ಟಿಯಲ್ಲ. ಇವರು ಸಗಟಾಗಿಯೂ ಮಾರುತ್ತಾರೆ, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಾರೆ ಎಂದು ಆ ಶಾಸನ ಹೇಳುತ್ತದೆ. ಹಡಗಿನ ಒಡೆಯನೂ ಗಂಟು ಹೊತ್ತ ತಿರುಗು ವ್ಯಾಪಾರಿಯೂ ಒಂದೇ ಹೆಸರಿನ ಕೆಳಗೆ ಬರುತ್ತಾರೆ. ಕಲ್ಲಿನ ಮೇಲೆ ತಮ್ಮ ಹಿರಿಮೆಯನ್ನು ಕೊರೆಸುವಾಗ ಹೆಗಲ ಗಂಟನ್ನು ಬಚ್ಚಿಡಬೇಕೆಂದು ಅವರಿಗೆ ತೋರಲಿಲ್ಲ.

ಇವರು ತಮ್ಮ ಕಟ್ಟುಪಾಡನ್ನು ‘ಬಣಂಜು ಧರ್ಮ’ ಎಂದು ಕರೆದರು. ತಮ್ಮಂಥ ಕೂಟಗಳಿಗೆ ‘ಸಮಯ’ ಎಂಬ ಮಾತೂ ಬಳಕೆಯಲ್ಲಿತ್ತು. ಸಮಯ ಎಂದರೆ ಇಂದು ನಮಗೆ ಗಡಿಯಾರ ನೆನಪಾಗುತ್ತದೆ. ಅಂದು ಅದಕ್ಕೆ ಒಪ್ಪಂದ, ಒಪ್ಪಂದಕ್ಕೆ ಬದ್ಧರಾದವರ ಕೂಟ ಎಂಬ ಅರ್ಥವೂ ಇತ್ತು. ಹದಿನೆಂಟು ಸಮಯಗಳು ಎಂದು ಶಾಸನಗಳಲ್ಲಿ ಬರುವುದು ಈ ಅರ್ಥದಲ್ಲಿ.

ಒಪ್ಪಂದದಲ್ಲಿ ಏನಿರುತ್ತಿತ್ತು? ಇದನ್ನು ತಿಳಿಯಲು ಕಲ್ಲಿನಿಂದ ಸ್ವಲ್ಪ ಹೊತ್ತು ಓಲೆಗರಿಯ ಕಡೆಗೆ ತಿರುಗಬೇಕು. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಷಯದಲ್ಲಿ ಇದರ ಖ್ಯಾತಿ ನಿಮಗೆ ಗೊತ್ತಿರಬಹುದು. ಅದೇ ಸ್ಮೃತಿಯಲ್ಲಿ ಕೂಡಿ ವ್ಯಾಪಾರ ಮಾಡುವವರ ಬಗ್ಗೆಯೂ ಒಂದು ಪ್ರಕರಣವಿದೆ. ಲಾಭ ನಷ್ಟಗಳನ್ನು ಹಾಕಿದ ಬಂಡವಾಳಕ್ಕೆ ತಕ್ಕಂತೆ ಇಲ್ಲವೆ ಮೊದಲೇ ಮಾಡಿಕೊಂಡ ಮಾತಿನಂತೆ ಹಂಚಿಕೊಳ್ಳಬೇಕು. ಬೇಡವೆಂದರೂ ಕೇಳದೆ ಅಥವಾ ಅಜಾಗ್ರತೆಯಿಂದ ಸರಕು ಹಾಳುಮಾಡಿದವನು ತಾನೇ ಅದನ್ನು ತುಂಬಿಕೊಡಬೇಕು. ಗಲಭೆ, ಆಪತ್ತುಗಳಲ್ಲಿ ಎಲ್ಲರ ಸರಕನ್ನು ಕಾಪಾಡಿದವನಿಗೆ ಉಳಿಸಿದ್ದರಲ್ಲಿ ಹತ್ತನೆಯ ಒಂದು ಪಾಲು. ಮೋಸ ಮಾಡಿದವನನ್ನು ಲಾಭ ಕೊಡದೆ ಹೊರಗೆ ಹಾಕಬೇಕು. ತಾನು ಬರಲಾಗದ ಅಶಕ್ತನು ತನ್ನ ಪಾಲಿನ ಕೆಲಸವನ್ನು ಇನ್ನೊಬ್ಬನಿಂದ ಮಾಡಿಸಬಹುದು. ಈ ಕೊನೆಯ ಮಾತು ಚಿಕ್ಕದಾದರೂ ಅದರ ಬೆಲೆ ದೊಡ್ಡದು. ಜ್ವರ ಬಂದು ಮಲಗಿದ ಸಣ್ಣ ಪಾಲುದಾರ ಅಷ್ಟಕ್ಕೇ ತನ್ನ ಪಾಲನ್ನು ಕಳೆದುಕೊಳ್ಳಬೇಕಾಗಿರಲಿಲ್ಲ.

ಕೂಟದ ಹಣವನ್ನು ಅಪಹರಿಸಿದವನಿಗೂ ಒಪ್ಪಂದ ಮುರಿದವನಿಗೂ ಸ್ಮೃತಿ ಹೇಳುವ ಶಿಕ್ಷೆ ಕಠೋರವಾದದ್ದು: ಸರ್ವಸ್ವವನ್ನೂ ಕಿತ್ತುಕೊಂಡು ನಾಡಿನಿಂದ ಹೊರಗಟ್ಟಬೇಕು. ಶ್ರೇಣಿಗಳ ಹಳೆಯ ನಡಾವಳಿಯನ್ನು ಅರಸ ಕಾಪಾಡಬೇಕೆಂದೂ ಅಲ್ಲಿದೆ. ಸ್ಮೃತಿಯಲ್ಲಿ ಬರೆದದ್ದೆಲ್ಲ ಸಂತೆಯಲ್ಲಿ ಹಾಗೆಯೇ ನಡೆಯಿತೆಂದು ಯಾರೂ ಪ್ರಮಾಣ ಮಾಡಲಾರರು. ಆದರೂ ಇಂಥ ಜಗಳಗಳು ನಡೆಯುತ್ತಿದ್ದವು, ಇಂಥ ತೀರ್ಮಾನಗಳು ನ್ಯಾಯವೆಂದು ತೋರುತ್ತಿದ್ದವು ಎಂಬಷ್ಟನ್ನು ನಾವು ನಂಬಬಹುದು.

ಕೂಟದ ಹಣ ಎಲ್ಲಿಂದ ಬರುತ್ತಿತ್ತು ಎಂದರೆ, ಚೂರು ಚೂರಾಗಿ ಎಲ್ಲರಿಂದಲೂ. ಶಾಸನಗಳ ಅತ್ಯಂತ ಜೀವಂತವಾದ ಭಾಗ ಇದೇ ಎಂದು ನನ್ನ ಅನಿಸಿಕೆ. ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಹೇರಿಗೆ ಇಷ್ಟು ಎಲೆ, ಅಂಗಡಿಗೆ ಇಷ್ಟು ಅಡಿಕೆ, ಹೊನ್ನಿಗೆ ಒಂದು ವೀಸ, ಇಲ್ಲವೆ ಒಂದು ಹಾಗ. ಇದನ್ನು ಅರಸ ಹೇರಿದ ತೆರಿಗೆಯೆಂದು ತಪ್ಪು ತಿಳಿಯಬಾರದು. ವ್ಯಾಪಾರಿಗಳು ಒಂದೆಡೆ ಸೇರಿ ತಮ್ಮ ಮೇಲೆ ತಾವೇ ಹಾಕಿಕೊಂಡ ವಂತಿಗೆ ಇದು. ಬೆಳಗಾವಿಯಲ್ಲಿ, ಅಂದಿನ ವೇಣುಗ್ರಾಮದಲ್ಲಿ, ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ 1204ರ ಶಾಸನ ಇಂಥ ಒಂದು ಸಭೆಯನ್ನು ನಮ್ಮ ಕಣ್ಣ ಮುಂದೆ ತರುತ್ತದೆ. ಊರಿನ ವ್ಯಾಪಾರಿಗಳಿದ್ದಾರೆ, ಕೂಂಡಿ ಮೂರು ಸಾವಿರ ನಾಡಿನವರಿದ್ದಾರೆ, ಪಟ್ಟಣಸೆಟ್ಟಿಗಳಿದ್ದಾರೆ, ಅಕ್ಕಸಾಲಿಗರು, ಜವಳಿಯವರು, ಎಣ್ಣೆಯವರು ಇದ್ದಾರೆ. ಅವರ ಜೊತೆಗೆ ಗುಜರಾತಿನ ಕಡೆಯ ಲಾಳರೂ ಕೇರಳದ ಮಲೆಯಾಳರೂ ಇದ್ದಾರೆ. ಎಲ್ಲರೂ ಕೂಡಿ ವೀಳ್ಯದೆಲೆ, ಧಾನ್ಯ, ಎಣ್ಣೆ ಮೊದಲಾದ ಸರಕುಗಳ ಮೇಲೆ ಇಷ್ಟಿಷ್ಟು ಎಂದು ಗೊತ್ತುಮಾಡಿ ರಟ್ಟ ಜಿನಾಲಯಕ್ಕೆ ಬಿಟ್ಟುಕೊಟ್ಟರು. ಬೇರೆ ಬೇರೆ ಭಾಷೆಯ, ಬೇರೆ ಬೇರೆ ದೇವರ ಜನ ಒಂದು ಬಸದಿಯ ಹೆಸರಿನಲ್ಲಿ ವಂತಿಗೆ ಒಪ್ಪಿಕೊಂಡರು.

ದೇವರಿಗೆ ಕೊಟ್ಟರೆ ವ್ಯಾಪಾರಿಗೆ ಏನು ಬಂತು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಪುಣ್ಯ ಬಂತು ಎಂಬುದು ಅವರ ಉತ್ತರವಾಗಿರುತ್ತಿತ್ತು, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಗುಡಿಯ ಮುಂದಿನ ಅಂಗಳವೇ ಸಭೆ ಸೇರುವ ಜಾಗವಾಗಿತ್ತು. ಗುಡಿಯ ಭಂಡಾರದ ಹೊನ್ನು ಬಡ್ಡಿಗೆ ಓಡಾಡುತ್ತಿತ್ತು. ಗುಡಿಯಿದ್ದಲ್ಲಿ ಜಾತ್ರೆ, ಜಾತ್ರೆಯಿದ್ದಲ್ಲಿ ಗಿರಾಕಿ. ಗಂಟು ಹೊತ್ತು ಬಂದ ಪರವೂರಿನವನಿಗೆ ಒಂದು ರಾತ್ರಿ ತಂಗಲು ನೆರಳು, ಉಣ್ಣಲು ಅನ್ನ. ಎಲ್ಲಕ್ಕಿಂತ ಹೆಚ್ಚಾಗಿ, ದೇವರ ಎದುರು ಕೊಟ್ಟ ಮಾತನ್ನು ಮುರಿದವನು ಊರೂರಿನಲ್ಲೂ ಮುಖ ತೋರಿಸುವಂತಿರಲಿಲ್ಲ. ಕಾಗದಪತ್ರವಾಗಲಿ ದೂರದ ನ್ಯಾಯಾಲಯವಾಗಲಿ ಕೈಗೆಟುಕದ ಕಾಲದಲ್ಲಿ ಇದಕ್ಕಿಂತ ಗಟ್ಟಿಯಾದ ಜಾಮೀನು ಇನ್ನಾವುದಿತ್ತು?

ಯಾವ ದೇವರು ಎಂಬ ವಿಷಯದಲ್ಲಿ ಅವರು ಅಷ್ಟು ಹಟ ಹಿಡಿದವರಲ್ಲ. ಗದಗ ಜಿಲ್ಲೆಯ ಡಂಬಳದ 1095ರ ಶಾಸನದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವೊಂದರ ಮಾತಿದೆ. ಲೊಕ್ಕಿಗುಂಡಿಯ ಒಬ್ಬ ಸೆಟ್ಟಿ ಕಟ್ಟಿಸಿದ ತಾರಾದೇವಿಯ ವಿಹಾರದ ಮಾತೂ ಇದೆ. ಕನ್ನಡ ನಾಡಿನಲ್ಲಿ ಬೌದ್ಧ ಧರ್ಮ ಅಷ್ಟರಲ್ಲಿ ಬಹುಮಟ್ಟಿಗೆ ಮರೆಯಾಗುತ್ತಿತ್ತು. ವ್ಯಾಪಾರಿಗಳ ಕೈ ಅದನ್ನು ಇನ್ನಷ್ಟು ಕಾಲ ಹಿಡಿದಿತ್ತು.

ದಾರಿಯ ಭಯಕ್ಕೆ ಬಂದರೆ, ಇವರನ್ನು ‘ವೀರ ಬಣಂಜಿಗರು’ ಎಂದು ಕರೆಯುತ್ತಿದ್ದುದೇ ಅರ್ಥಗರ್ಭಿತವಾಗಿದೆ. ಒಂಟಿಯಾಗಿ ಹೋದವನನ್ನು ದೋಚುವುದು ಸುಲಭ. ನೂರು ಎತ್ತುಗಳ ಸಾಲಿನ ಮುಂದೆ ಹಿಂದೆ ಆಯುಧ ಹಿಡಿದವರು ಇದ್ದರೆ ಕಳ್ಳರು ಎರಡು ಬಾರಿ ಯೋಚಿಸುತ್ತಾರೆ. ಶಾಸನಗಳಲ್ಲಿ ಬರುವ ‘ಮುಮ್ಮುರಿದಂಡ’ ಇಂಥ ಕಾವಲು ಪಡೆಯೇ ಎಂದು ಕೆಲವರು, ಅದೂ ಒಂದು ವ್ಯಾಪಾರಿ ಕೂಟವೇ ಎಂದು ಇನ್ನು ಕೆಲವರು ಅರ್ಥಮಾಡಿದ್ದಾರೆ. ತಮಿಳು ಮತ್ತು ತೆಲುಗು ನಾಡುಗಳಲ್ಲಿ ‘ಎಱಿವೀರಪಟ್ಟಣ’ ಎಂಬ ವಿಶೇಷ ಪೇಟೆಗಳಿದ್ದವು. ವ್ಯಾಪಾರಿಗಳೂ ಅವರ ಕಾವಲಿನ ವೀರರೂ ಅಲ್ಲಿ ತಮ್ಮ ಕಟ್ಟಳೆಗಳನ್ನು ತಾವೇ ಮಾಡಿಕೊಂಡರು. ನಾಲ್ಕು ಎತ್ತಿನ ನಮ್ಮ ವ್ಯಾಪಾರಿ ಸ್ವಂತವಾಗಿ ಒಬ್ಬ ಕಾವಲುಗಾರನನ್ನೂ ಇಟ್ಟುಕೊಳ್ಳಲಾರ. ಸಾಲಿನಲ್ಲಿ ಸೇರಿಕೊಂಡರೆ ಅವನ ಪಾಲಿಗೆ ಬರುವ ಖರ್ಚು ಅಲ್ಪ.

ಕಡಲಾಚೆಗೂ ಈ ಜಾಲ ಹರಡಿತು. ಸುಮಾತ್ರಾ ದ್ವೀಪದ ಪಶ್ಚಿಮ ತೀರದ ಬಾರುಸ್ ಬಳಿಯ ಲೊಬು ತುವಾ ಎಂಬಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಕರ್ಪೂರಕ್ಕೆ ಹೆಸರಾದ ಜಾಗ ಅದು. ಅಲ್ಲಿಗೆ ಬರುವ ಹಡಗಿನ ನಾಯಕನೂ ಅವನ ಜೊತೆಯವರೂ ಕಸ್ತೂರಿಯ ಬೆಲೆಗೆ ಲೆಕ್ಕ ಹಾಕಿದಷ್ಟು ಚಿನ್ನವನ್ನು ಕೂಟಕ್ಕೆ ಕೊಡಬೇಕೆಂದು ಐನೂರ್ವರು ಅದರಲ್ಲಿ ಕಟ್ಟಳೆ ಮಾಡಿದ್ದಾರೆ. ಗಾಣಕ್ಕೆ ಸೊಲ್ಲಗೆ ಎಣ್ಣೆ ಎನ್ನುವ ನಮ್ಮೂರಿನ ವಂತಿಗೆಗೂ ಇದಕ್ಕೂ ತತ್ವ ಒಂದೇ. ಬರ್ಮಾದ ಪಗಾನ್‌ನಲ್ಲಿ 13ನೆಯ ಶತಮಾನದಲ್ಲಿ ನಾನಾದೇಶಿ ವ್ಯಾಪಾರಿಗಳ ಹೆಸರಿನ ವಿಷ್ಣು ಗುಡಿಯೊಂದಿತ್ತು. ಸಿಂಹಳದ ಪೊಲನ್ನರುವ ಮುಂತಾದ ಕಡೆಗಳಲ್ಲೂ ಇವರ ಶಾಸನಗಳಿವೆ.

ಹಾಗಾದರೆ ಇದೆಲ್ಲ ಒಂದೇ ಸಂಸ್ಥೆಯೆ? ಐಹೊಳೆಯಲ್ಲಿ ಪ್ರಧಾನ ಕಚೇರಿ, ಬಾರುಸ್‌ನಲ್ಲಿ ಶಾಖೆ ಎಂಬಂತೆ ಕಲ್ಪಿಸಿಕೊಳ್ಳುವುದು ಸುಲಭ, ಆದರೆ ಅದಕ್ಕೆ ಆಧಾರವಿಲ್ಲ. ದಕ್ಷಿಣ ಭಾರತದ ಎರಡು ವ್ಯಾಪಾರಿ ಶ್ರೇಣಿಗಳ ಬಗ್ಗೆ ಮೀರಾ ಅಬ್ರಹಾಂ ಅವರ ಗ್ರಂಥ 1988ರಲ್ಲಿ ಬಂದಿತು. ಅವುಗಳಲ್ಲಿ ಒಂದು ನಮ್ಮ ಐನೂರ್ವರು. ಅದರ ಮುಂಚೆಯೂ ಅನಂತರವೂ ಈ ಚರ್ಚೆ ನಡೆದಿದೆ. ಊರೂರಿನ ಸ್ವತಂತ್ರ ಕೂಟಗಳು ಈ ಹೆಸರನ್ನು ಒಂದು ಗೌರವದ ಬಿರುದಿನಂತೆ ಹೊತ್ತಿದ್ದವು, ಬೇಕಾದಾಗ ಒಂದೆಡೆ ಸೇರುತ್ತಿದ್ದವು ಎಂಬ ಅಭಿಪ್ರಾಯವೇ ನನಗೆ ಒಪ್ಪಿಗೆಯಾಗುತ್ತದೆ. ಗುರುತಿಲ್ಲದ ಊರಿನಲ್ಲಿ ‘ನಾನು ಐನೂರ್ವರವನು’ ಎಂದು ಹೇಳಿಕೊಳ್ಳುವುದೇ ಒಂದು ಆಸ್ತಿಯಾಗಿತ್ತು.

ಈಗ ಅಹಿತಕರವಾದ ಮಾತಿಗೆ ಬರೋಣ. ಕೂಟದಲ್ಲಿ ಎಲ್ಲರೂ ಸಮಾನರಾಗಿದ್ದರೆ? ಹೆಗಲ ಗಂಟಿನವನ ಪ್ರಸ್ತಾಪ ಪ್ರಶಸ್ತಿಯಲ್ಲಿದೆ. ಆದರೆ ಅವನ ಹೆಸರು ಕಲ್ಲಿನಲ್ಲಿಲ್ಲ. ಹೆಸರು ಸಿಗುವುದು ಪಟ್ಟಣಸ್ವಾಮಿಗಳದು, ವಡ್ಡವ್ಯವಹಾರಿಗಳದು. ಹೊಂಬುಜದಲ್ಲಿ 1062ರಲ್ಲಿ ತನ್ನ ಹೆಸರಿನ ಜಿನಾಲಯ ಕಟ್ಟಿಸಿದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಅಂಥವನು. ಸಾಂತರ ಅರಸನಿಗೆ ಹತ್ತಿರದವನಾದ ಅವನಿಗೂ, ಹುಂಚದ ಸಂತೆಯಲ್ಲಿ ಉಪ್ಪು ಮಾರುವವನಿಗೂ ಸಭೆಯಲ್ಲಿ ಒಂದೇ ತೂಕದ ಮಾತಿತ್ತೆಂದು ನಂಬುವುದು ಕಷ್ಟ.

ಇನ್ನೊಂದು ಅಪಾಯವನ್ನು ಸ್ಮೃತಿಕಾರರೇ ಗುರುತಿಸಿದ್ದರು. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಕೂಲಿಗಾರರಿಗೂ ಕುಶಲಕರ್ಮಿಗಳಿಗೂ ತೊಂದರೆಯಾಗುವಂತೆ ಬೆಲೆ ಕಟ್ಟಿದರೆ ಅವರಿಗೆ ಅತ್ಯಧಿಕ ದಂಡ ವಿಧಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಯಾರೂ ಮಾಡದ ತಪ್ಪಿಗೆ ದಂಡ ಬರೆಯುವವರಿಲ್ಲ. ದುರ್ಬಲರನ್ನು ಕಾಯಲು ಕಟ್ಟಿದ ಕೂಟವೇ ಇನ್ನೂ ದುರ್ಬಲನಾದವನ ಕತ್ತು ಹಿಸುಕಬಹುದು: ನೇಕಾರನ ಬಟ್ಟೆಗೆ ಎಲ್ಲರೂ ಸೇರಿ ಒಂದೇ ಅಗ್ಗದ ಬೆಲೆ ಹೇಳಿದರೆ ಅವನು ಎಲ್ಲಿಗೆ ಹೋದಾನು? ಹಾಗಾಗಿಯೇ ಸಾಲಿಗರು, ತೆಲ್ಲಿಗರು, ಕುಂಬಾರರು, ಕಂಚುಗಾರರು ತಮ್ಮ ತಮ್ಮ ಕೂಟಗಳನ್ನು ಬೇರೆಯಾಗಿ ಇಟ್ಟುಕೊಂಡರೆಂದು ತೋರುತ್ತದೆ.

ಆದರೆ ಅಲ್ಲಿ ಬೇರೊಂದು ಗೋಡೆ ಎದ್ದಿತು. ದೇಶದೇಶಗಳ ಜನ ಸೇರುತ್ತಿದ್ದ ವ್ಯಾಪಾರಿಗಳ ಸಭೆ ಸ್ವಲ್ಪ ತೆರೆದದ್ದಾಗಿತ್ತು, ಬೆಳಗಾವಿಯಲ್ಲಿ ಲಾಳರನ್ನೂ ಮಲೆಯಾಳರನ್ನೂ ಕಂಡೆವಲ್ಲ. ಐವತ್ತೊಕ್ಕಲು ಎಂಬುದು ಹಾಗಲ್ಲ. ಒಕ್ಕಲು ಎಂದರೆ ಮನೆತನ. ಕಸುಬು ಮನೆತನದ್ದಾದಾಗ ಕೂಟ ಕ್ರಮೇಣ ಜಾತಿಯೇ ಆಗುತ್ತದೆ. ಗಾಣದ ಕೆಲಸ ಬಲ್ಲ ಹೊರಗಿನವನೊಬ್ಬನಿಗೆ ಅದರ ಬಾಗಿಲು ತೆರೆಯುವುದು ಸುಲಭವಾಗಿರಲಾರದು. ಇದೇ 12ನೆಯ ಶತಮಾನದಲ್ಲಿ, ಇದೇ ಕಲ್ಯಾಣದಲ್ಲಿ, ಗಾಣದ ಕಣ್ಣಪ್ಪ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯರಂಥ ಕಾಯಕಜೀವಿಗಳು ಕಸುಬಿನ ಗೋಡೆಗಳನ್ನು ದಾಟಿ ಒಂದೆಡೆ ಕುಳಿತರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಘಟನೆಯ ತೂಕ ಇನ್ನಷ್ಟು ಅರಿವಾಗುತ್ತದೆ.

ಐನೂರ್ವರ ಪ್ರಾಬಲ್ಯ 14ನೆಯ ಶತಮಾನದ ಹೊತ್ತಿಗೆ ಕುಗ್ಗಿತು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ದೋರಸಮುದ್ರಕ್ಕೆ ಬಂತು; ಯಾದವರು, ಹೊಯ್ಸಳರು, ಪಾಂಡ್ಯರು ಒಬ್ಬರ ಹಿಂದೆ ಒಬ್ಬರು ಅಳಿದರು. ನೂರಾರು ವರ್ಷ ಸಾಗಿದ್ದ ದಾರಿಗಳು ಬದಲಾದವು, ಪೋಷಕರು ಬದಲಾದರು. ವಿಜಯನಗರದ ಕಾಲದ ಶಾಸನಗಳಲ್ಲಿ ಹೆಸರು ಆಗೊಮ್ಮೆ ಈಗೊಮ್ಮೆ ಬರುತ್ತದೆ, ಹಳೆಯ ಕಸುವು ಇಲ್ಲ. ಐಹೊಳೆಯಂತೂ ಅದಕ್ಕೂ ಮೊದಲೇ ದೊಡ್ಡ ಪೇಟೆಯಾಗಿ ಉಳಿದಿರಲಿಲ್ಲ.

ಬೆಳಗಾವಿಯ ರಟ್ಟ ಜಿನಾಲಯದ ಆ ಶಾಸನದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಅಕ್ಕಸಾಲಿಗರು, ಜವಳಿಯವರು, ಎಣ್ಣೆಯವರು, ಲಾಳರು, ಮಲೆಯಾಳರು ಸೇರಿ ಒಪ್ಪಿದ ವಂತಿಗೆಯ ಲೆಕ್ಕ ಅದರ ಮೇಲೆ ಹಳಗನ್ನಡದ ಅಕ್ಷರಗಳಲ್ಲಿ ಇಂದಿಗೂ ಓದಲು ಬರುವಷ್ಟು ಸ್ಪಷ್ಟವಾಗಿದೆ.